ನಾನು ಬಿಚ್ಚಿದ ಗ್ರೀಸ್ ಡಬ್ಬಿ

ಆ ವಿಡಿಯೋ ಈಗ ಇಲ್ಲ. ಅಳಿಸಿಬಿಟ್ಟಿದ್ದೇನೆ. ಎರಡೇ ನಿಮಿಷದ್ದು. ಅದರಲ್ಲಿ ನನ್ನ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ. ಕೈಯಲ್ಲಿ ಮಸಿ ಹಿಡಿದ ಒಂದು ಸಣ್ಣ ಗ್ರೀಸ್ ಡಬ್ಬಿ, ಡಬ್ಬಿಯೊಳಗೆ ಎಣ್ಣೆ ಕುಡಿದ ತೆಂಗಿನ ನಾರು. "ಇದನ್ನ ನೋಡ್ರಿ, ನಮ್ಮ ಕಡೆ ಮೇಸ್ತ್ರಿಗಳ ಇಂಜಿನಿಯರಿಂಗ್" ಎನ್ನುವ ನನ್ನ ದನಿ. ಆಮೇಲೆ ನನ್ನ ನಗು. ವಿಡಿಯೋ ಅಳಿಸಬಹುದು, ಆ ನಗುವನ್ನು ಕೇಳಿದವರ ಕಿವಿಯಿಂದ ಅಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ.

ತಿಳವಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪನ ನಂತರ ನಾನೇ ನೋಡಿಕೊಳ್ಳುತ್ತೇನೆ. ಜೋಳ ಸುರಿದು ಕಲ್ಲು ಬಿಗಿ ಮಾಡಿದರೆ ಮುಂದಿನ ಕೆಲಸ ಗಿರಣಿಯದು. ನಾನು ಸ್ಟೂಲಿನ ಮೇಲೆ ಕುಳಿತು ಫೋನಿನಲ್ಲಿ ಹಳೆಯ ಕಾರುಗಳ ವಿಡಿಯೋ ನೋಡುತ್ತೇನೆ. ಯಾರ ಹತ್ತಿರವೂ ಕೆಲಸ ಕಲಿತವನಲ್ಲ. ಕಾರ್ಬುರೇಟರ್ ಬಿಚ್ಚಿ ಜೋಡಿಸುವುದನ್ನು ಹತ್ತು ಸಲ ನೋಡಿ, ಹನ್ನೊಂದನೆಯ ಸಲ ಪಕ್ಕದ ಮನೆಯವರ ಪಂಪ್‌ಸೆಟ್ಟಿನ ಮೇಲೆ ಪ್ರಯೋಗ ಮಾಡಿದವನು. ಅದು ಅದೃಷ್ಟವಶಾತ್ ಚಾಲೂ ಆಯಿತು. ಅಲ್ಲಿಂದ ನನಗೆ ಕೊಂಬು ಬಂತು.

ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ, ಸವಣೂರಿನವರು, ವೀಳ್ಯದೆಲೆ ವ್ಯಾಪಾರ. ಅವರ ಅಪ್ಪ ಕೊಂಡಿದ್ದ ಗುಂಡು ಮೂಗಿನ ಹಳೆಯ ಕಾರನ್ನು ಇವತ್ತಿಗೂ ಓಡಿಸುತ್ತಾರೆ. ವಾರಕ್ಕೊಮ್ಮೆ ಹಿಂದಿನ ಸೀಟಿನ ಮೇಲೆ ಎಲೆಯ ಬುಟ್ಟಿಗಳನ್ನಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಹಾನಗಲ್, ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರಿನ ಸಂತೆಗೆ ಹೋಗುತ್ತಾರೆ. ದಾರಿಯ ಜನಕ್ಕೆಲ್ಲ ಅದು ಎಲೆ ಗಾಡಿ. ಒಂದು ಸಲ ಅದು ನಮ್ಮ ಗಿರಣಿಯ ಮುಂದೆಯೇ ನಿಂತಿತು. ಓಡಿಹೋಗಿ ಬಾನೆಟ್ ಎತ್ತಿದೆ. ಕಾರ್ಬುರೇಟರಿನ ಜೆಟ್ಟಿನಲ್ಲಿ, ಪೆಟ್ರೋಲು ಹಾಯುವ ಸಣ್ಣ ತೂತಿನಲ್ಲಿ, ಕಸ ಕುಳಿತಿತ್ತು. ಬಿಚ್ಚಿ, ಬಾಯಿಯಿಂದ ಊದಿ, ಹಾಕಿದೆ. ಗಾಡಿ ಚಾಲೂ ಆಯಿತು. ಚಾಚಾ ನನ್ನ ಬೆನ್ನು ತಟ್ಟಿ, ಬುಟ್ಟಿಯಿಂದ ಇಪ್ಪತ್ತು ಎಲೆ ಎಣಿಸಿ ಅವ್ವನಿಗೆ ಕೊಡು ಎಂದರು. ಅವತ್ತಿನಿಂದ ನಾನು ಅವರಿಗೆ "ಬೇಟಾ".

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ಗಿರಣಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ತಮ್ಮ ಸಂಕಟ ಹೇಳಿಕೊಂಡರು.

"ಎಲಿಗೆ ವಾಸನಿ ಕುಂದ್ರಾಕತ್ತೈತಿ ಬೇಟಾ. ಇಂಜಿನ್ ಎಣ್ಣಿ ವಾಸನಿ. ಮೊನ್ನೆ ಸಂತ್ಯಾಗ ಒಬ್ಬಾವ ಎಲಿ ಮೂಸಿ ನೋಡಿ, 'ಚಾಚಾ, ಇದಕ್ಕ ಸುಣ್ಣ ಹಚ್ಚಬೇಕೋ ಗ್ರೀಸ್ ಹಚ್ಚಬೇಕೋ' ಅಂತ ಕೇಳಿದ. ಸುತ್ತಲಿನ ಮಂದಿ ಹೊಟ್ಟಿ ಹಿಡಕೊಂಡು ನಕ್ರು."

"ನಿಮ್ಮ ಮೇಸ್ತ್ರಿಗೆ ಹೇಳಿಲ್ಲೇನ್ರಿ?"

"ಹೇಳೇನಿ. ಇಂಜಿನ್ನಿಗೆ ವಯಸ್ಸಾಗೈತಿ, ರಿಂಗ್ ಬದಲಿ ಮಾಡಬೇಕು, ಬ್ಯಾಸಿಗ್ಯಾಗ ಮದುವಿ ಸೀಜನ್ ಮುಗದಮ್ಯಾಲ ಗಾಡಿ ಬಿಟ್ಟ ಹೋಗ್ರಿ ಅಂದಾನ. ಅವಸರ ಅನ್ನೂದು ಆ ಮನಿಷ್ಯಾಗ ಗೊತ್ತ ಇಲ್ಲ."

ಮೇಸ್ತ್ರಿ ಎಂದರೆ ಶಿಗ್ಗಾಂವಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಹಿರಿಯರು. ಮೂವತ್ತು ವರ್ಷದಿಂದ ಆ ಕಾರಿಗೆ ಅವರೊಬ್ಬರದೇ ಕೈ. ಚಾಚಾನ ಅಪ್ಪ ಇದ್ದಾಗಲೂ ಅವರೇ.

"ಅಷ್ಟ್ಯಾಕ್ರಿ ಚಾಚಾ, ನಾ ಮಾಡ್ತೇನಿ," ಎಂದೆ. ಚಹಾ ಲೋಟ ಕೆಳಗಿಡುವ ಮೊದಲೇ ಎಂದೆ. ಅಷ್ಟು ಆತುರ.

ಸಮಸ್ಯೆ ಏನೆಂದು ಸ್ವಲ್ಪ ಹೇಳಬೇಕು. ಇಂಜಿನ್ನಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದಲ್ಲ, ಆಗ ಒಂದಿಷ್ಟು ಹೊಗೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿಯಿಂದ ಕೆಳಗೆ, ಎಣ್ಣೆ ಇರುವ ಪೆಟ್ಟಿಗೆಗೆ ನುಗ್ಗುತ್ತದೆ. ಆ ಪೆಟ್ಟಿಗೆಗೆ ಕ್ರ್ಯಾಂಕ್‌ಕೇಸ್ ಅನ್ನುತ್ತಾರೆ. ಹೊಗೆ ಅಲ್ಲಿಂದ ಹೊರಗೆ ಹೋಗಲೇಬೇಕು. ಹಳೆಯ ಕಾರುಗಳಲ್ಲಿ ಅದಕ್ಕೊಂದು ಕೊಳವೆ, ಇಂಜಿನ್ನಿನ ಪಕ್ಕದಿಂದ ಇಳಿದು ಕಾರಿನ ಹೊಟ್ಟೆಯ ಕೆಳಗೆ ರಸ್ತೆಯತ್ತ ಬಾಯಿ ತೆರೆದಿರುತ್ತದೆ. ಹೊಗೆಯ ಜೊತೆ ಎಣ್ಣೆಯೂ ಹನಿ ಹನಿಯಾಗಿ ಬೀಳುತ್ತದೆ. ವಾಸನೆ ನೆಲದ ಸಂದಿಗಳಿಂದ ಸೀಟಿಗೆ ಬರುತ್ತದೆ. ಆಮೇಲಿನ ಕಾರುಗಳಲ್ಲಿ ಒಂದು ಜಾಣತನ ಮಾಡಿದ್ದಾರೆ: ಹೊಗೆಯನ್ನು ರಸ್ತೆಗೆ ಬಿಡದೆ, ಒಂದು ರಬ್ಬರ್ ಪೈಪು, ನಡುವೆ ಹೆಬ್ಬೆಟ್ಟಿನಷ್ಟು ವಾಲ್ವು ಹಾಕಿ, ಇಂಜಿನ್ನು ಉಸಿರೆಳೆಯುವ ಕಡೆಗೇ ಜೋಡಿಸುತ್ತಾರೆ. ಇಂಜಿನ್ನು ತನ್ನ ಹೊಗೆಯನ್ನು ತಾನೇ ಎಳೆದುಕೊಂಡು ಸುಟ್ಟುಬಿಡುತ್ತದೆ. ಅದರ ಜಾಗಕ್ಕೆ ತಾಜಾ ಗಾಳಿ, ಎಣ್ಣೆ ಸುರಿಯುವ ಬಾಯಿಯ ಜಾಲರಿ ಮುಚ್ಚಳದಿಂದ ಒಳಗೆ ಬರುತ್ತದೆ. ಒಂದು ದಾರಿ ಒಳಗೆ, ಒಂದು ದಾರಿ ಹೊರಗೆ. ಇಷ್ಟೇ.

ಗಿರಣಿಯವನಿಗೆ ಇದು ಹೊಸದಾಗಬಾರದಿತ್ತು. ನಮ್ಮ ಗಿರಣಿಯ ಹಿಟ್ಟು ಬೀಳುವ ಬಾಯಿಗೆ ಬಟ್ಟೆಯ ಚೀಲ ಕಟ್ಟಿರುತ್ತೇವೆ, ಹಿಟ್ಟು ನಿಲ್ಲಬೇಕು, ಗಾಳಿ ಹೋಗಬೇಕು ಅಂತ. ಬಟ್ಟೆಯ ಬದಲು ಪ್ಲಾಸ್ಟಿಕ್ ಕಟ್ಟಿದರೆ ಗಿರಣಿಯ ಒಂದೊಂದು ಸಂದಿಯಿಂದಲೂ ಹಿಟ್ಟು ಹಾರುತ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ. ಗೊತ್ತಿರುವುದು ಬೇರೆ, ಹೊತ್ತಿಗೆ ನೆನಪಾಗುವುದು ಬೇರೆ.

ಎರಡು ದಿನಕ್ಕೆ ಗಾಡಿ ಬಿಡಿ ಎಂದೆ. ಗಿರಣಿಯ ಹಿಂದಿನ ಅಂಗಳದಲ್ಲಿ ಕೆಳಗೆ ನುಸುಳಿ ನೋಡಿದರೆ, ಆ ಕೊಳವೆಯ ಬಾಯಿಗೆ ಗ್ರೀಸ್ ಡಬ್ಬಿಯೊಂದನ್ನು ತಂತಿಯಿಂದ ಬಿಗಿದು ಕಟ್ಟಿತ್ತು. ಡಬ್ಬಿಯ ಕಂಠದ ಸುತ್ತ ಮೊಳೆಯಿಂದ ಹೊಡೆದ ತೂತುಗಳು, ಒಳಗೆ ತೆಂಗಿನ ನಾರು. ನೋಡಿದ್ದೇ ನಗು ಬಂತು. ಗಾಡಿ ಓಡುವಾಗ ಕೆಳಗಿನ ಗಾಳಿ ಕೊಳವೆಯಿಂದ ಹೊಗೆಯನ್ನು ಎಳೆಯಬೇಕು, ಅದರ ಬಾಯಿಗೇ ಡಬ್ಬಿ ಕಟ್ಟಿದರೆ ಹೇಗೆ? ನಾನು ಅಂದುಕೊಂಡದ್ದು ಅರ್ಧ ಸರಿ. ಇನ್ನರ್ಧವನ್ನು, ಡಬ್ಬಿ ಅಲ್ಲಿ ಯಾಕಿದೆ ಎನ್ನುವುದನ್ನು, ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ, ಡಬ್ಬಿ ಹಿಡಿದು ವಿಡಿಯೋ ಮಾಡಿ, ನಕ್ಕು, ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟೆ.

ಕೊಳವೆಗೆ ರಬ್ಬರ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಕೆಳಗೆ ಜೋಡಿಸಿ, ನಡುವೆ ವಾಲ್ವು ಹಾಕಿದೆ. ವಾಲ್ವು ಗುಜರಿಯಿಂದ ತಂದದ್ದು, ಬೇರೆ ಯಾವುದೋ ಕಾರಿನದು. ಎರಡೂ ತುದಿ ಹೆಚ್ಚುಕಡಿಮೆ ಒಂದೇ ಥರ. ನಾನು ನೋಡಿ ಕಲಿತ ವಿಡಿಯೋದಲ್ಲಿ ಉದ್ದ ಮೂಗು ಇಂಜಿನ್ನಿನ ಕಡೆ ಇತ್ತು, ನಾನೂ ಉದ್ದ ಮೂಗನ್ನು ಇಂಜಿನ್ನಿನ ಕಡೆ ಹಾಕಿದೆ. ಎಣ್ಣೆ ಬಾಯಿಯ ಜಾಲರಿ ಮುಚ್ಚಳ ಹಳತಾಗಿತ್ತು. ಅದನ್ನು ತೆಗೆದು ರಬ್ಬರ್ ವಾಷರ್ ಇರುವ ಗಟ್ಟಿ ಮುಚ್ಚಳ ಬಿಗಿದೆ. ವಾಸನೆ ಎಲ್ಲಿಂದಲೂ ಸೋರಬಾರದು ನೋಡಿ, ಅದಕ್ಕೆ. ಹೀಗೆ ಒಳಗೆ ಬರುವ ದಾರಿಯನ್ನು ನಾನೇ ಮುಚ್ಚಿದೆ. ಹೊರಗೆ ಹೋಗುವ ದಾರಿಯನ್ನು ತಿರುಗು ಮುರುಗಾದ ವಾಲ್ವು ಮುಚ್ಚಿತು. ಆಗ ನನಗೆ ಎರಡೂ ಗೊತ್ತಿರಲಿಲ್ಲ.

ಇಂಜಿನ್ ಚಾಲೂ ಮಾಡಿದಾಗ ಅದರ ಓಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಎಷ್ಟು ಹೆಮ್ಮೆಪಟ್ಟೆ! ನಿಜಕ್ಕೂ ಆ ಪೈಪು ಕೆಲಸ ಮಾಡಿದ್ದರೆ ಇಂಜಿನ್ನಿಗೆ ಹೊಸ ಗಾಳಿ ಸಿಕ್ಕು ಓಟ ಸ್ವಲ್ಪ ತಪ್ಪಬೇಕಿತ್ತು, ಕಾರ್ಬುರೇಟರ್ ಮತ್ತೆ ಹೊಂದಿಸಬೇಕಾಗುತ್ತಿತ್ತು. ಏನೂ ಆಗದಿರುವುದನ್ನೇ ನಾನು ಎಲ್ಲ ಸರಿಯಾಗಿರುವುದು ಎಂದುಕೊಂಡೆ. ಚಾಚಾ ಬಂದು ಸೀಟಿನ ಮೇಲೆ ಬಾಗಿ ಮೂಸಿದರು. ಕಣ್ಣರಳಿತು.

"ಮಾಷಾ ಅಲ್ಲಾ! ಏನೂ ವಾಸನಿ ಇಲ್ಲಲೇ! ಮೇಸ್ತ್ರಿ ಮೂವತ್ತ ವರ್ಷದಾಗ ಮಾಡಲಾರದ್ದು ನೀ ಎರಡ ದಿನದಾಗ ಮಾಡಿದಿ."

ನಾನು ಸುಮ್ಮನೆ ನಕ್ಕೆ. ಅಲ್ಲ ಚಾಚಾ, ಅವರದು ಬೇರೆ ಕೆಲಸ ಎಂದು ಹೇಳಬಹುದಿತ್ತು. ಹೇಳಲು ಮನಸ್ಸೇ ಬರಲಿಲ್ಲ.

ಮುಂದಿನ ಸಂತೆಯ ದಿನ ನಾನೂ ಅವರ ಜೊತೆ ಹೊರಟೆ, ನನ್ನ ಕೆಲಸ ದೂರದ ಓಟದಲ್ಲಿ ಹೇಗಿದೆ ನೋಡಬೇಕಲ್ಲ. ಬೆಳಗಿನ ಬಿಸಿಲು. ಹಿಂದೆ ಬುಟ್ಟಿ ತುಂಬ ಎಲೆ. ಚಿಕ್ಕೇರೂರಿನ ಹೊರಗೆ ರಸ್ತೆಯ ತುಂಬ ಹುರುಳಿ ಬಳ್ಳಿ ಹರಡಿದ್ದರು. ನಮ್ಮ ಕಡೆ ಇದು ವಾಡಿಕೆ. ಕಣ ಮಾಡುವ ಬದಲು ಕಿತ್ತ ಬಳ್ಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆದು ಕಾಳು ಬಿಡುತ್ತದೆ. ಹರಡಿದವಳು ಅರವತ್ತು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮರದ ಕವೆಗೋಲಿನಿಂದ ಬಳ್ಳಿ ತಿರುವುತ್ತಿದ್ದಳು. ಎಲೆ ಗಾಡಿ ಕಂಡದ್ದೇ ಕವೆಗೋಲು ಎತ್ತಿ ಅಡ್ಡ ನಿಂತಳು.

"ಸಾಬರ, ನಿಮ್ಮ ಹಾದೀನ ಕಾಯಾಕತ್ತಿದ್ದೆ. ಆ ಮೋಟರ್ ಸೈಕಲ್‌ನವರು ಹಾದ್ರ ಇರಿವಿ ಹಾದಂಗ. ನಿಮ್ಮ ಆನಿ ಹಾಯಸ್ರಿ. ಹೋಗಿ, ಹಿಂದ ಬಂದು, ಮತ್ತ ಹೋಗ್ರಿ."

"ಆತು ಅಕ್ಕಾರ," ಎಂದು ಚಾಚಾ ನಗುತ್ತ ಕಾರನ್ನು ಬಳ್ಳಿಯ ಮೇಲೆ ಹಾಯಿಸಿದರು. ಮುಂದೆ, ಹಿಂದೆ, ಮತ್ತೆ ಮುಂದೆ. ಬಳ್ಳಿ ಚಟಚಟ ಅನ್ನುತ್ತಿತ್ತು. ಪ್ರತಿ ವರ್ಷ ಹೀಗೇ ಹಾಯಿಸುತ್ತಿದ್ದರಂತೆ. ಮೂರನೆಯ ಸಲ ಹಿಂದೆ ಬರುವಾಗ ಆಕೆಯ ಕೂಗು ಕೇಳಿತು.

"ನಿಲ್ಲಸ್ರೀ! ಏ ಸಾಬರ, ನಿಲ್ಲಸ್ರೀ! ಎಣ್ಣಿ ಬೀಳಾಕತ್ತೈತ್ರೀ!"

ಇಳಿದು ನೋಡಿದೆ. ಇಂಜಿನ್ನಿನ ಹಿಂಭಾಗದಿಂದ ಎಣ್ಣೆ ಹನಿಯಾಗಿ ಅಲ್ಲ, ದಾರವಾಗಿ ಇಳಿಯುತ್ತಿತ್ತು. ಹಿಂದೆ ಮುಂದೆ ಹೋದ ಉದ್ದಕ್ಕೂ ಬಳ್ಳಿಯ ನಡುವೆ ಕಪ್ಪು ಪಟ್ಟಿ. ಬಾನೆಟ್ ಎತ್ತಿದರೆ ಎಣ್ಣೆ ಅಳೆಯುವ ಕಡ್ಡಿ ತನ್ನ ಗೂಡಿನಿಂದ ಎದ್ದು ಹೊರಗೆ ವಾಲಿದೆ. ಬಟ್ಟೆ ಹಿಡಿದು ಆ ಗಟ್ಟಿ ಮುಚ್ಚಳವನ್ನು ಸ್ವಲ್ಪ ತಿರುಗಿಸಿದೆ. ಬುಸ್ ಅಂತು.

ಆ ಸದ್ದಿನಲ್ಲೇ ನನಗೆ ಎಲ್ಲ ತಿಳಿಯಿತು. ನಾನು ಬಾಯಿ ಕಟ್ಟಿದ ಇಂಜಿನ್ನು ಉಸಿರಿಗೆ ಜಾಗ ಸಿಗದೆ ಹಿಂದಿನ ಸಂದಿಯಿಂದ ಎಣ್ಣೆ ಕಕ್ಕಿತ್ತು. ಗಿರಣಿಗೆ ಪ್ಲಾಸ್ಟಿಕ್ ಕಟ್ಟಿದ್ದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಮುಂದೆ ನಾನು ಆಡಿದ ಮಾತು ಗೊತ್ತಿಲ್ಲದೆ ಆಡಿದ್ದಲ್ಲ. ತಿಳಿದ ಮೇಲೆ ಆಡಿದ್ದು.

ಆಕೆ ಬಗ್ಗಿ ಕಾರಿನ ಕೆಳಗೆ ನೋಡಿದಳು. ಆಮೇಲೆ ಕೇಳಿದಳು, "ಡಬ್ಬಿ ಎಲ್ಲೈತಿ?"

ಚಾಚಾ ಅರ್ಥವಾಗದೆ ನೋಡಿದರು.

"ಅಲ್ರೀ, ಇದಕ್ಕ ಕೆಳಗೊಂದು ಡಬ್ಬಿ ಕಟ್ಟಿರ್ತಿತ್ತಲ್ಲ. ಹಿಂದೊಮ್ಮೆ ನನ್ನ ಹುರಳಿ ಮ್ಯಾಲ ನಾಕ ಹನಿ ಬಿದ್ದಾಗ ನಾ ಬಾಯಿ ಮಾಡಿದ್ದಕ್ಕ ನಿಮ್ಮ ಮೇಸ್ತ್ರಿ ಕಟ್ಟಿದ್ದು. ನೀವ ಬಂದು ತೋರಿಸಿದ್ರಿ, ಇನ್ನ ಮ್ಯಾಲ ಬೀಳಂಗಿಲ್ಲ ಅಕ್ಕಾರ ಅಂತ. ಅವತ್ತಿಂದ ಒಂದ ಹನಿ ಬಿದ್ದಿಲ್ಲ. ಎಲ್ಲಿ ಹೋತು ಅದು?"

ಆ ಡಬ್ಬಿ ಯಾಕಿತ್ತು ಎಂದು ನನಗೆ ಆಗ ಗೊತ್ತಾಯಿತು. ರಸ್ತೆಯ ಮೇಲೆ ಬೀಳುವ ಹನಿ ನಮ್ಮ ಕಡೆ ರಸ್ತೆಯ ಮೇಲೆ ಬೀಳುವುದಿಲ್ಲ, ಯಾರದೋ ಊಟದ ಮೇಲೆ ಬೀಳುತ್ತದೆ.

ಇಬ್ಬರೂ ನನ್ನ ಮುಖ ನೋಡಿದರು. ನಾನು ಎಣ್ಣೆ ಕಡ್ಡಿ ಒರೆಸುತ್ತ ಹೇಳಿದೆ: "ಮೇಸ್ತ್ರಿ ಬಿಗಿಯಾಗಿ ಕಟ್ಟಿರಲಿಲ್ಲ ಕಾಣಸ್ತೈತ್ರಿ. ಎಲ್ಲೋ ಹಾದ್ಯಾಗ ಬಿದ್ದಿರಬೇಕು. ಇಂಜಿನ್ನೂ ಹಳೇದು, ಅವರು ಸರಿಯಾಗಿ ನೋಡಿಕೊಂಡಿಲ್ಲ."

ಡಬ್ಬಿ ಆ ಹೊತ್ತಿನಲ್ಲಿ ನಮ್ಮ ಗಿರಣಿಯ ಗೋಡೆಯ ಮಾಡದಲ್ಲಿತ್ತು. ಅದರಲ್ಲಿ ನಟ್ಟು ಬೋಲ್ಟು ಹಾಕಿಟ್ಟಿದ್ದೆ.

ಚಾಚಾ ಕಿಸೆಗೆ ಕೈ ಹಾಕಿದರು. ಆಕೆ ಕೈ ಅಡ್ಡ ಹಿಡಿದಳು. "ರೊಕ್ಕ ಬ್ಯಾಡ್ರಿ. ರೊಕ್ಕ ಕುದಿಸಿ ಕಟ್ಟಿನ ಸಾರು ಮಾಡಾಕ ಬರ್ತೈತೇನು? ಆ ಮೇಸ್ತ್ರಿಗೆ ಕಣ್ಣ ಹೋಗ್ಯಾವು, ಅಷ್ಟ ಹೇಳ್ರಿ ಅವಗ. ವಯಸ್ಸಾದಮ್ಯಾಲ ಕೈಯಾಗಿನ ಹತಾರ ಕೆಳಗ ಇಡಬೇಕು." ಆಮೇಲೆ ಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಎಣ್ಣೆ ತಾಗಿದ್ದನ್ನೂ ತಾಗದ್ದನ್ನೂ ಬೇರೆ ಮಾಡತೊಡಗಿದಳು.

ನಾನು ಯಾರಿಗೂ ಕಾಣದಂತೆ ಗಟ್ಟಿ ಮುಚ್ಚಳವನ್ನು ಸಡಿಲ ಬಿಟ್ಟು, ಡಿಕ್ಕಿಯಲ್ಲಿದ್ದ ಎಣ್ಣೆಯನ್ನು ಇಂಜಿನ್ನಿಗೆ ಸುರಿದು, ಗಾಡಿಯನ್ನು ಹಿರೇಕೆರೂರಿಗೆ ಮುಟ್ಟಿಸಿದೆ. ಮರಳುವಾಗ ಚಾಚಾ ಹೇಳಿದರು: "ನಾಡಿದ್ದು ಶಿಗ್ಗಾಂವಿಗೆ ಹೋಗೂಣು. ನೀನೂ ಬಾ ಬೇಟಾ. ಮೇಸ್ತ್ರಿಗೆ ನಾ ಒಬ್ಬನ ಬೈಯಾಕ ಆಗಂಗಿಲ್ಲ, ಬಾಯಿ ಬರಂಗಿಲ್ಲ."

ಎರಡು ದಿನ ಇತ್ತು. ಫೋನು ಕೈಯಲ್ಲೇ ಇತ್ತು. ಚಾಚಾನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದು ಎಷ್ಟು ಸಲವೋ. ಕೊನೆಗೆ ಡಬ್ಬಿಯಲ್ಲಿದ್ದ ನಟ್ಟು ಬೋಲ್ಟು ಸುರಿದು, ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಹೇಳುತ್ತೇನೋ ಇಲ್ಲವೋ, ಚೀಲದಲ್ಲಿ ಇರಲಿ ಎಂದು.

ಶಿಗ್ಗಾಂವಿಯ ಗ್ಯಾರೇಜ್ ಎಂದರೆ ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ. ಮೇಸ್ತ್ರಿ ತೆಳ್ಳಗಿನ ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದಾರೆ. ಚಾಚಾ ಕುಳಿತುಕೊಳ್ಳಲೇ ಇಲ್ಲ.

"ಡಬ್ಬಿ ಹೆಂಗ ಕಟ್ಟಿದ್ರಿ ಮೇಸ್ತ್ರಿ? ಬಿದ್ದ ಹೋತು. ಒಬ್ಬ ಬಡವಿ ಹುರಳಿ ಹಾಳಾತು. ಮಂದಿ ನನಗ ಅಂತಾರ, ನಿಮ್ಮ ಮೇಸ್ತ್ರಿಗೆ ಕಣ್ಣ ಹೋಗ್ಯಾವು ಅಂತ. ನಾ ಏನ್ ಹೇಳ್ಲಿ?" ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಹಾನಗಲ್ಲಾಗ ಇನ್ನೊಬ್ಬಾವ ಅದಾನಂತ. ಇನ್ನ ಅವನ ಕಡೆ ಹೋಗಬೇಕಾಗ್ತೈತಿ ನಾನು."

ಮೇಸ್ತ್ರಿ ಚಾಚಾನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಬಿತ್ತಾ? ತಂತಿ ಸುದ್ದಾ ಬಿತ್ತೇನು?"

ನಾನು ಕೈಚೀಲವನ್ನು ಬೆನ್ನ ಹಿಂದೆ ಸರಿಸಿದೆ.

"ಹೂಂ," ಎಂದು ಅವರು ಎದ್ದರು. "ಗಾಡಿ ಚಾಲೂ ಮಾಡ್ರಿ ಸಾಬರ. ಒಂದ ಎಲಿ ಕೊಡ್ರಿ."

"ಇಲ್ಲಿ ನನ್ನ ಮಾನ ಹೋಗಾಕತ್ತೈತಿ, ನಿನಗ ಈಗ ಎಲಿ ಅಡಿಕಿ ಬೇಕೇನೋ ಮಾರಾಯ?" ಎಂದು ಗೊಣಗುತ್ತಲೇ ಚಾಚಾ ಬುಟ್ಟಿಯಿಂದ ಒಂದು ಎಲೆ ತೆಗೆದು ಕೊಟ್ಟರು.

ಮೇಸ್ತ್ರಿ ಅದನ್ನು ಬಾಯಿಗೆ ಹಾಕಲಿಲ್ಲ. ಬಾನೆಟ್ ಎತ್ತಿ, ಓಡುತ್ತಿರುವ ಇಂಜಿನ್ನಿನ ಗಟ್ಟಿ ಮುಚ್ಚಳ ತೆಗೆದು, ಎಣ್ಣೆ ಬಾಯಿಯ ಮೇಲೆ ಎಲೆಯನ್ನು ಮಲಗಿಸಿದರು. ಎಲೆ ಕೋಳಿಯ ರೆಕ್ಕೆಯಂತೆ ಪಟಪಟ ಬಡಿದು, ಎದ್ದು, ರೇಡಿಯೇಟರಿನ ಮೇಲೆ ಹೋಗಿ ಬಿತ್ತು.

"ಉಬ್ಬಸ," ಎಂದರು. ಇಂಜಿನ್ ಬಂದ್ ಮಾಡಿಸಿ, ನನ್ನ ಪೈಪಿನಿಂದ ವಾಲ್ವು ಕಳಚಿದರು. ಅಂಥದ್ದನ್ನು ಅವರು ಮೊದಲು ಕಂಡಿರಲಿಕ್ಕಿಲ್ಲ. ಪಂಚೆಯ ಅಂಚಿಗೆ ಒರೆಸಿ, ಒಂದು ತುದಿಯನ್ನು ತುಟಿಗೆ ಹಚ್ಚಿ ಊದಿದರು. ಹೋಗಲಿಲ್ಲ. ತಿರುವಿ ಇನ್ನೊಂದು ತುದಿಯಿಂದ ಊದಿದರು. ಗಾಳಿ ಸುಯ್ ಎಂದು ಹೋಯಿತು. ಅಷ್ಟೇ ಕೆಲಸ. ಜೆಟ್ಟಿಗೆ ಬಾಯಿ ಹಚ್ಚಿ ಊದಿ ಬೇಟಾ ಎನ್ನಿಸಿಕೊಂಡವನಿಗೆ ಇದನ್ನು ಊದಿ ನೋಡಬೇಕೆಂದು ಹೊಳೆದಿರಲಿಲ್ಲ.

ವಾಲ್ವನ್ನು ತಿರುವಿ ಹಾಕಿ, ಕಾರ್ಬುರೇಟರಿನ ಸ್ಕ್ರೂ ಒಂದಿಷ್ಟು ಹೊಂದಿಸಿ, ಮತ್ತೆ ಚಾಲೂ ಮಾಡಿಸಿ ಅದೇ ಎಲೆಯನ್ನು ಅದೇ ಬಾಯಿಯ ಮೇಲೆ ಇಟ್ಟರು. ಈ ಸಲ ಎಲೆ ಕದಲಲಿಲ್ಲ. ನಡುವೆ ಸ್ವಲ್ಪ ತಗ್ಗಾಗಿ, ಬಾಯಿಗೆ ಕಚ್ಚಿಕೊಂಡು ಕುಳಿತಿತು. ಒಳಗಿನಿಂದ ಯಾರೋ ಮೆಲ್ಲಗೆ ಎಳೆದಂತೆ.

"ಸಾಮಾನು ಚಲೋ ಐತಿ," ಎಂದರು ಮೇಸ್ತ್ರಿ. "ನಾ ಆಗಿದ್ರ ಇದು ನನಗ ಹೊಳೀತಿದ್ದಿಲ್ಲ. ತಿರುವಿ ಹಾಕಿದ್ರ, ಜಾಳಗಿ ಮುಚ್ಚಳ ಹಂಗ ಬಿಟ್ಟಿದ್ರ, ಮುಗದ ಹೋಗ್ತಿತ್ತು. ಈಗ ಹೇಳ್ರಿ ಇಂಜಿನೇರ್ ಸಾಹೇಬ್ರ. ಡಬ್ಬಿ ಎಲ್ಲಿ ಬಿತ್ತು?"

ಚೀಲದಿಂದ ಡಬ್ಬಿ ತೆಗೆದು ಮಡ್‌ಗಾರ್ಡಿನ ಮೇಲೆ ಇಟ್ಟೆ. "ಬಿದ್ದಿಲ್ಲರಿ. ನಾನ ಬಿಚ್ಚೇನಿ."

ಇದನ್ನು ನಾನು ಧೈರ್ಯದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಎಲೆ ಹೇಳಿಯಾಗಿತ್ತು. ನಾನು ಹೇಳಲು ಉಳಿದದ್ದೇ ಇರಲಿಲ್ಲ.

"ಗೊತ್ತೈತಿ," ಎಂದರು ಮೇಸ್ತ್ರಿ. "ಬಾಜೂಕಿನ ಅಂಗಡಿಯಾವ ಫೋನಿನ್ಯಾಗ ತೋರಿಸಿದ. ನಿನ್ನ ನಗೂನೂ ಕೇಳೇನಿ. ಚಂದ ನಗ್ತಿ." ಸಿಟ್ಟಿನಿಂದ ಹೇಳಲಿಲ್ಲ, ಹಾಗೆಂದು ಕ್ಷಮಿಸಿದವರಂತೆಯೂ ಹೇಳಲಿಲ್ಲ. ಡಬ್ಬಿಯನ್ನು ತಿರುವಿ, ಮೊಳೆಯ ತೂತುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಒಂದ ಫೋನ್ ಮಾಡಿ ಕೇಳಿದ್ರ ನಿನ್ನ ಗಂಟ ಏನ್ ಹೋಗ್ತಿತ್ತು ತಮ್ಮಾ?"

ಚಾಚಾ ಮೇಸ್ತ್ರಿಯ ಭುಜದ ಮೇಲೆ ಕೈ ಇಟ್ಟರು. ಬುಟ್ಟಿಯಿಂದ ಒಂದು ಕಟ್ಟು ಎಲೆ ತೆಗೆದು ಅವರ ಕೈಗೆ ತುರುಕಿದರು. "ಇರ್ಲಿ ಬಿಡ್ರಿ, ಮೊದಲ ಒಂದ ಎಲಿ ಕೊಟ್ಟೀರಿ," ಎಂದರು ಮೇಸ್ತ್ರಿ, "ಅದನ್ನ ಇನ್ನ ತಿನ್ನಾಕ ಬರಂಗಿಲ್ಲ, ಸುಣ್ಣದ ಬದಲಿ ಗ್ರೀಸ್ ಹತ್ತೈತಿ." ಇಬ್ಬರೂ ನಕ್ಕರು. ಆ ನಗುವಿನಲ್ಲಿ ನನಗೆ ಜಾಗ ಇರಲಿಲ್ಲ.

ಮೇಸ್ತ್ರಿ ಎಣ್ಣೆ ಬಾಯಿಗೆ ತಮ್ಮಲ್ಲಿದ್ದ ಒಂದು ಜಾಲರಿ ಮುಚ್ಚಳ ಹಾಕಿ, ಹೊಸ ನಾರು ತುಂಬಿ, ಡಬ್ಬಿಯನ್ನು ಈ ಸಲ ಇಂಜಿನ್ನಿನ ಹಿಂಭಾಗದ ಕೆಳಗೆ ಕಟ್ಟಲು ತಂತಿ ಹುಡುಕಿದರು. ಹಳೆಯ ಇಂಜಿನ್ನು, ಎಷ್ಟು ಸರಿಯಾದರೂ ಒಂದು ಹನಿ ಬಿದ್ದೇ ಬೀಳುತ್ತದೆ ಎಂದು. ಆಮೇಲೆ ಏನೋ ನೆನಪಾದವರಂತೆ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು.

"ನನ್ನ ಮುಂದ ಹೇಳಿ ಏನ್ ಬಂತು? ನಾ ಮಾಡಿಲ್ಲ ಅನ್ನೂದು ನನಗ ಗೊತ್ತ ಐತಿ. ಇದನ್ನ ತಗೊಂಡು ಚಿಕ್ಕೇರೂರಿಗೆ ಹೋಗು. ಅಲ್ಲಿ ಹೇಳಿ ಬಾ. ಆಮ್ಯಾಲ ಕಟ್ಟತೇನಿ."

ಹೊರಡುವಾಗ ನಾನು ಎಂದಿನಂತೆ ಮುಂದಿನ ಬಾಗಿಲು ತೆಗೆದೆ. ಚಾಚಾ ಸ್ಟಿಯರಿಂಗ್ ಹಿಡಿದು ನೇರ ನೋಡುತ್ತ ಹೇಳಿದರು: "ನೀವು ಹಿಂದ ಕುಂದರ್ರಿ." ಅವರು ನನಗೆ 'ನೀವು' ಎಂದದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲೆಯ ಬುಟ್ಟಿಗಳ ನಡುವೆ ಕುಳಿತು ಬಂದೆ. ವಾಸನೆ ಇರಲಿಲ್ಲ. ಬರೀ ಎಲೆಯ ಹಸಿ ವಾಸನೆ.

ಮರುದಿನ ಗಿರಣಿ ಬಂದ್ ಮಾಡಿ ಬಸ್ಸಿನಲ್ಲಿ ಚಿಕ್ಕೇರೂರಿಗೆ ಹೋದೆ. ಕೈಚೀಲದಲ್ಲಿ ಡಬ್ಬಿ. ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಪಕ್ಕದಲ್ಲಿ ಗೋಣಿ ಚೀಲದ ಮೇಲೆ ಎಣ್ಣೆ ತಾಗಿದ ಕಾಳು ಬೇರೆಯಾಗಿ ಬಿದ್ದಿತ್ತು, ಮಿರಮಿರ ಹೊಳೆಯುತ್ತ.

"ಎಮ್ಮಿಗೂ ಹಾಕಾಕ ಬರಂಗಿಲ್ಲ," ಎಂದಳು ನನ್ನ ಕಣ್ಣು ಹೋದಲ್ಲಿ ನೋಡಿ. "ಮೂಸಿ ಹಿಂದ ಸರೀತೈತಿ. ಬಾ ತಮ್ಮಾ, ಕುಂದರು. ಆ ಮೇಸ್ತ್ರಿ ಏನಂದ?"

ಡಬ್ಬಿ ತೆಗೆದು ಮೊರದ ಪಕ್ಕ ಇಟ್ಟೆ. "ಯವ್ವಾ, ಇದು ಬಿದ್ದಿರಲಿಲ್ಲ. ನಾನ ಬಿಚ್ಚಿದ್ದೆ. ಮೇಸ್ತ್ರೀದು ಏನೂ ತಪ್ಪಿಲ್ಲ. ಎಣ್ಣಿ ಬಿದ್ದದ್ದೂ ನನ್ನ ಕೆಲಸದಿಂದ. ಅವತ್ತ ಸುಳ್ಳ ಹೇಳಿದೆ."

ಆಕೆ ಮೊರ ನಿಲ್ಲಿಸಿದಳು. ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ಕಾದೆ. ಆಕೆ ಬೈಯಲಿಲ್ಲ. ಗಾಬರಿಯಾದಳು.

"ಅಯ್ಯ ಶಿವನ! ನಾ ಓಣಿ ತುಂಬ ಹೇಳೇನಲ್ಲೋ! ಆ ಮೇಸ್ತ್ರಿ ಕಡೆ ಯಾರೂ ಹೋಗಬ್ಯಾಡ್ರಿ, ಕೆಲಸ ಕೆಡಿಸ್ತಾನ ಅಂತ. ಟ್ರ್ಯಾಕ್ಟರ್ ಇದ್ದವರಿಗೆಲ್ಲ ಹೇಳೇನಿ. ಪಾಪ, ಆ ಮನಿಷ್ಯಾನ ಅನ್ನದಾಗ ನನ್ನ ಕೈಲೆ ಮಣ್ಣ ಹಾಕಿಸಿದೆಲ್ಲೋ."

ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು.

"ಏಳು. ನಾ ಹೇಳಿದ ಮಾತು ನಾ ತೋರಸ್ತೇನಿ, ಎಲ್ಲೆಲ್ಲಿ ಇಟ್ಟೇನಿ ಅಂತ. ಹಿಂದ ತಗೊಳ್ಳೂದು ನೀ. ಡಬ್ಬಿ ಹಿಡಕೋ."

ಹೀಗೆ ಒಂದೊಂದೇ ಮನೆ. ಆಕೆ ಹೊಸ್ತಿಲಲ್ಲಿ ನಿಂತು, "ಅವತ್ತ ನಾ ಮೇಸ್ತ್ರಿ ಸುದ್ದಿ ಹೇಳಿದ್ನೆಲ್ಲ, ಈ ಹುಡುಗ ಏನೋ ಹೇಳ್ತಾನ ಕೇಳ್ರಿ," ಎಂದು ಪಕ್ಕಕ್ಕೆ ಸರಿಯುತ್ತಿದ್ದಳು. ಮೊದಲ ಮನೆಯಲ್ಲಿ ನಾನು ವಾಲ್ವು, ಗಾಳಿ, ಒತ್ತಡ ಎಂದು ವಿವರಿಸಲು ಹೋದೆ. ಊಟಕ್ಕೆ ಕುಳಿತಿದ್ದ ಮನುಷ್ಯ ರೊಟ್ಟಿ ಮುರಿಯುತ್ತ ಕೇಳಿದ, "ಅಂದ್ರ, ಯಾರ ಮಾಡಿದ್ದು?" ಎರಡನೆಯ ಮನೆಯಿಂದ ಮಾತು ಚಿಕ್ಕದಾಯಿತು. ನಾಲ್ಕನೆಯ ಮನೆಯ ಹೊತ್ತಿಗೆ ಅದು ಇಷ್ಟೇ: ಈ ಡಬ್ಬಿ ಬಿಚ್ಚಿದಾವ ನಾನು, ಸುಳ್ಳ ಹೇಳಿದಾವ ನಾನು, ಮೇಸ್ತ್ರಿ ಕೆಲಸ ಚಲೋ ಐತಿ. ಒಬ್ಬ ಮುದುಕ ಡಬ್ಬಿ ಇಸಿದುಕೊಂಡು, ತೂತುಗಳನ್ನು ಬೆಳಕಿಗೆ ಹಿಡಿದು, "ಶ್ಯಾಣ್ಯಾ ಅದಾನಲೇ ಮೇಸ್ತ್ರಿ. ನೀ ಇದಕ್ಕ ನಗ್ತಿದ್ದಿ?" ಎಂದ. ಅವನಿಗೆ ವಿಡಿಯೋದ ಸಂಗತಿ ಗೊತ್ತಿರಲಿಲ್ಲ. ನಾನೇ ಅದನ್ನೂ ಹೇಳಿಬಿಟ್ಟಿದ್ದೆ.

ಕೊನೆಯದು ಎರಡು ಟ್ರ್ಯಾಕ್ಟರ್ ಇರುವವರ ಮನೆ. ಬಾಗಿಲಿಗೆ ಬೀಗ.

"ಮಗಳ ಊರಿಗೆ ಹೋಗ್ಯಾರ," ಎಂದಳು ಆಕೆ. "ಇವರಿಗೇ ಎಲ್ಲಾರಕಿಂತ ಹೆಚ್ಚ ಹೇಳಿದ್ದೆ ನಾ. ಇವರ ಹೋಗಿ ಊರ ತುಂಬ ಹೇಳ್ತಾರ."

ಆಮೇಲೆ ಆಕೆಯ ಕಟ್ಟೆಗೆ ಮರಳಿ, ನಾನೂ ಒಂದು ಮೊರ ತೆಗೆದುಕೊಂಡು ಬಸ್ಸು ಬರುವವರೆಗೆ ಹುರುಳಿ ಆರಿಸಿದೆ. ನನಗೆ ಕೇರಲು ಬರುವುದಿಲ್ಲ. ಗಿರಣಿಯವನಾಗಿ ಅದೂ ಬರುವುದಿಲ್ಲವೇ ಎಂದು ಆಕೆ ಕೇಳಿದಳು.

ಡಬ್ಬಿಯನ್ನು ಮೇಸ್ತ್ರಿ ಮತ್ತೆ ಕಾರಿನ ಕೆಳಗೆ, ಇಂಜಿನ್ನಿನ ಹಿಂಭಾಗಕ್ಕೆ ಕಟ್ಟಿದ್ದಾರೆ. ವಾರಕ್ಕೊಮ್ಮೆ ಎಲೆ ಗಾಡಿ ಗಿರಣಿಯ ಮುಂದಿನಿಂದ ಹೋಗುತ್ತದೆ. ಚಾಚಾ ಹಾರ್ನ್ ಹಾಕುತ್ತಾರೆ, ನಿಲ್ಲಿಸುವುದಿಲ್ಲ. ನಾನು ಆಮೇಲೆ ಎರಡು ಸಲ ಚಿಕ್ಕೇರೂರಿಗೆ ಹೋಗಿದ್ದೇನೆ. ಆ ಟ್ರ್ಯಾಕ್ಟರ್ ಮನೆಯವರು ಒಂದು ಸಲ ಹೊಲದಲ್ಲಿದ್ದರು, ಒಂದು ಸಲ ಹಾವೇರಿಗೆ ಹೋಗಿದ್ದರು. ನಾಳೆ ಸೋಮವಾರ, ಬಸವಣ್ಣನ ವಾರ, ಎತ್ತಿಗೆ ರಜೆ, ಮನೆಯಲ್ಲೇ ಇರುತ್ತಾರೆ ಎಂದು ಆಕೆ ಹೇಳಿ ಕಳಿಸಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು. ಈ ಸಲ ತೋರಿಸಲು ಡಬ್ಬಿಯೂ ಇಲ್ಲ, ಬಾಯಿಂದಲೇ ಹೇಳಬೇಕು.